ಗುಡ್ಡದ ಹುಲ್ಲಿಗೊಂದು ಕತ್ತರಿ

ಇನ್ನೊಂದು ವರ್ಷ ಕುಡುಗೋಲು ಮುಟ್ಟಕೂಡದು ಎಂದು ಡಾಕ್ಟರು ಮಾವನಿಗೆ ಹೇಳಿದ ಸಂಜೆಯೇ ಆ ಮನೆಯಲ್ಲಿ ಹುಲ್ಲು ಕೊಯ್ಯುವ ಯಂತ್ರದ ಮಾತು ಶುರುವಾಯಿತು. ಶುರುವಾದದ್ದು ಮಾತಾಗಿಯೇ, ತಟ್ಟೆ ತೊಳೆದು ಬೋರಲು ಹಾಕುವ ಹೊತ್ತಿಗೆ ಅದು ಜಗಳವಾಗಿತ್ತು.

ಮನೆಯಲ್ಲಿದ್ದವರು ನಾಲ್ಕು ಜನ: ಮಾವ, ಅತ್ತೆ, ಅವರ ಒಬ್ಬನೇ ಮಗ, ಸೊಸೆ. ಮಗ ಹಾಲಿನ ವ್ಯಾನು ಓಡಿಸುತ್ತಿದ್ದ. ನಸುಕಿಗೆ ಹೋದರೆ ಮಧ್ಯಾಹ್ನ ಎರಡಕ್ಕೆ ಬರುವುದು. ಸೊಸೆ ಮುಂದಿನ ಕೋಣೆಯಲ್ಲಿ ಮಿಷನ್ನು ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಕೊಟ್ಟಿಗೆಯಲ್ಲಿ ಐದು ಹಸು. ಮನೆಯ ಹಿಂದೆ ಆರು ಎಕರೆ ಗುಡ್ಡ. ಉಳುವ ನೆಲವಲ್ಲ ಅದು. ಕಲ್ಲು, ಹುತ್ತ, ಮುಳ್ಳುಪೊದೆಗಳ ನಡುವೆ ಸೊಂಟದೆತ್ತರದ ಹುಲ್ಲು ಅಷ್ಟೇ. ಆ ಹುಲ್ಲು ಒಣಗಿ ಬಣವೆಯಾದರೆ ಹಸುಗಳಿಗೆ ಅರ್ಧ ವರ್ಷ ಸಾಗುತ್ತಿತ್ತು. ಮೂವತ್ತೆಂಟು ವರ್ಷ ಮಾವ ನಾಲ್ಕೈದು ಆಳುಗಳ ಜೊತೆ ಅದನ್ನು ಕುಡುಗೋಲಿನಲ್ಲೇ ಕೊಯ್ದಿದ್ದರು. ಈಗ ಆಳುಗಳೆಲ್ಲ ಹೆದ್ದಾರಿ ಪಕ್ಕದ ರಟ್ಟಿನ ಪೆಟ್ಟಿಗೆ ಕಾರ್ಖಾನೆ ಸೇರಿದ್ದರು, ಮರದಿಂದ ಬಿದ್ದ ಮೇಲೆ ಮಾವನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಹುಲ್ಲು ಬಲಿಯುವುದಕ್ಕೆ ಐದು ವಾರ ಉಳಿದಿತ್ತು. ಬಲಿತರೆ ಕಡ್ಡಿ. ಹಸು ಅದನ್ನು ಮೂಸಿಯೂ ನೋಡದು.

"ನಮ್ಮ ಕುಳ್ಳ ಇದ್ದಾನಲ್ಲ," ಎಂದ ಮಗ. ಕುಳ್ಳ ಎಂದರೆ ಅವರ ಚಿಕ್ಕ ಟ್ರ್ಯಾಕ್ಟರು. ಗೊಬ್ಬರ ಸಾಗಿಸಲು ಎರಡು ವರ್ಷದ ಹಿಂದೆ ಹಳೆಯದು ಕೊಂಡದ್ದು. "ಅವನ ಹಿಂದಕ್ಕೆ ಒಂದು ಸ್ಲ್ಯಾಷರ್ ಕಟ್ಟಿದರೆ ಆಯ್ತು. ರಸ್ತೆ ಗುತ್ತಿಗೆದಾರರ ಹತ್ರ ಇದೆ, ನೋಡಿದೀನಿ. ಪೊದೆ ಗಿದೆ ಎಲ್ಲಾ ನುಂಗಿ ನೀರು ಕುಡಿಯುತ್ತೆ."

"ಪೊದೆ ನುಂಗೋದು ಹುಲ್ಲನ್ನ ಬಿಡುತ್ತೇನೋ?" ಎಂದರು ಮಾವ. "ಹಸುವಿನ ಬಾಯಿಗೆ ಏನು ಉಳಿಯುತ್ತೆ? ಬೇಕಾದ್ದು ಕಟರ್ ಬಾರು. ಬುಡಕ್ಕೆ ಕತ್ತರಿಸಿ ಮಲಗಿಸ್ಕೊಂಡು ಹೋಗುತ್ತೆ."

"ಆ ಬಾರು ಕಲ್ಲಿಗೆ ತಾಗಿದ ದಿನ ತಗಡು. ಅಪ್ಪ, ಅದು ಸಪಾಟು ಗದ್ದೆಗೆ ಮಾಡಿದ್ದು."

"ನಿನಗೇನೋ ಗೊತ್ತು? ಗುಡ್ಡ ಹತ್ತಿ ಎಷ್ಟು ವರ್ಷ ಆಯ್ತು ನೀನು?"

"ನೀವು ಟ್ರ್ಯಾಕ್ಟರ್ ಹತ್ತಿ ಎಷ್ಟು ದಿನ ಆಯ್ತು?"

ಎತ್ತು ಏರಿಗೆ, ಕೋಣ ನೀರಿಗೆ. ಅತ್ತೆ ಮಾತ್ರ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದರು. ಆ ರಾತ್ರಿ ಸಿಪ್ಪೆ ದಪ್ಪ ದಪ್ಪವಾಗಿ ಬಂತು. ಅದು ಸೊಸೆಯ ಕಣ್ಣಿಗೆ ಬಿತ್ತು. ಅತ್ತೆ ಗಡ್ಡೆಯನ್ನು ವ್ಯರ್ಥ ಮಾಡುವವರಲ್ಲ.

"ಎರಡಕ್ಕೂ ವ್ಯತ್ಯಾಸ ಏನು, ನನಗೂ ಸ್ವಲ್ಪ ಹೇಳಿ," ಎಂದಳು ಸೊಸೆ.

ಅಪ್ಪ ಮಗ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು, ಒಬ್ಬರ ಮಾತು ಇನ್ನೊಬ್ಬರಿಗೆ ತಡೆಯಾಯಿತು, ಇಬ್ಬರೂ ಎದ್ದು ಹೋದರು.

ಹೇಳದಿದ್ದರೆ ಬಿಡುವ ಹೆಣ್ಣಲ್ಲ ಅವಳು. ಚಿಕ್ಕವಳಿದ್ದಾಗ ಹೊಲಿಗೆ ಮಿಷನ್ನಿನ ಕೆಳದಾರ ಮೇಲಿನ ದಾರವನ್ನು ಹೇಗೆ ಹಿಡಿಯುತ್ತದೆ ಎಂದು ನೋಡಲು ಅಮ್ಮನ ಮಿಷನ್ನನ್ನೇ ಬಿಚ್ಚಿಟ್ಟಿದ್ದವಳು. ಮರುದಿನ ಹೊಲಿದ ಬಟ್ಟೆ ಕೊಡಲು ಪೇಟೆಗೆ ಹೋದವಳು ಹಾಗೆಯೇ ಗ್ರೀಸಪ್ಪನ ಅಂಗಳಕ್ಕೆ ಹೋದಳು. ಅವನ ನಿಜವಾದ ಹೆಸರು ಏನೋ, ಯಾರೂ ಕರೆಯುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟುವ ನೇಗಿಲು, ಕುಂಟೆ, ತೊಟ್ಟಿ ಎಲ್ಲ ಅವನ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಅವನ ಉಗುರಿನ ಸಂದಿ ಮಾತ್ರ ಹುಟ್ಟಿದಾಗಿನಿಂದ ಕಪ್ಪು.

"ನಮ್ಮ ಕುಳ್ಳ ಟ್ರ್ಯಾಕ್ಟರಿಗೆ ಕಟ್ಟಿ ಗುಡ್ಡದ ಹುಲ್ಲು ಕೊಯ್ಯೋಕೆ ಏನೇನಿದೆ, ತೋರಿಸಿ."

ಗ್ರೀಸಪ್ಪ ಅವಳ ಹಿಂದೆ ಗಂಡಸು ಯಾರಾದರೂ ಬರುತ್ತಿದ್ದಾರೇನೋ ಎಂದು ಗೇಟಿನ ಕಡೆ ನೋಡಿದ. ಯಾರೂ ಬರಲಿಲ್ಲ. ಸರಿ ಎಂದು ತೋರಿಸಿದ.

ಮೊದಲನೆಯದು ಸ್ಲ್ಯಾಷರ್. ಮೇಜಿನಷ್ಟಗಲದ ಕಬ್ಬಿಣದ ಮುಚ್ಚಳ. ಅವಳು ಬಗ್ಗಿ ಕೆಳಗೆ ನೋಡಿದಳು. ಎರಡೇ ಎರಡು ದಪ್ಪ ಅಲಗು. ಮುಟ್ಟಿದರೆ ಹರಿತವೇ ಇಲ್ಲ.

"ಇದು ಮೊಂಡಾಗಿದೆಯಲ್ಲ?"

"ಇದು ಕತ್ತರಿಸಲ್ಲಮ್ಮ, ಹೊಡೆಯುತ್ತೆ."

ಎರಡನೆಯದು ಒಂದು ಉರುಳೆ, ಅದರ ಮೈತುಂಬ ನೇತಾಡುವ ಸಣ್ಣ ಸಣ್ಣ ಚಾಕು. ಅದು ಪುಡಿ ಮಾಡುತ್ತದೆ, ಕಲ್ಲು ಹಾರಿಸುವುದು ಕಡಿಮೆ, ಆದರೆ ತೂಕ ಹೆಚ್ಚು. "ನಿಮ್ಮ ಕುಳ್ಳನಿಗೆ ಇದನ್ನ ಕಟ್ಟಿ ಗುಡ್ಡ ಹತ್ತಿಸಿದರೆ ಮುಂದಿನ ಚಕ್ರ ಆಕಾಶ ನೋಡುತ್ತೆ," ಎಂದ. ಮೂರನೆಯದು ಕಟರ್ ಬಾರು. ಐದು ಅಡಿ ಉದ್ದದ ತೆಳ್ಳನೆಯ ಪಟ್ಟಿ. ಬೆರಳಿನಂಥ ಮೊನೆಗಳ ಸಾಲು ಅಲುಗಾಡದೆ ನಿಂತಿರುತ್ತದೆ. ಆ ಬೆರಳುಗಳ ನಡುವೆ ಮೂರು ಮೂಲೆಯ ಹಲ್ಲುಗಳು ಎಡಕ್ಕೂ ಬಲಕ್ಕೂ ಓಡುತ್ತವೆ. ಗ್ರೀಸಪ್ಪ ಕೈಯಲ್ಲಿ ಗಾಲಿ ತಿರುಗಿಸಿ ತೋರಿಸಿದ. ಕಚಕ್, ಕಚಕ್.

"ಓ," ಎಂದಳು ಸೊಸೆ. "ಇದು ಕತ್ತರಿ. ಅದು ಮಿಕ್ಸಿ."

ಗ್ರೀಸಪ್ಪ ಮೊದಲ ಸಲ ನಕ್ಕ. "ಇಪ್ಪತ್ತು ವರ್ಷದಿಂದ ಮಾರ್ತಿದೀನಿ, ನನಗೆ ಹೊಳೆದಿರಲಿಲ್ಲ ನೋಡಿ. ಈಗ ನೀವು ಹೇಳಿ. ಹುಲ್ಲು ತಿನ್ನಿಸೋದಕ್ಕಾ, ತೊಲಗಿಸೋದಕ್ಕಾ?"

"ತಿನ್ನಿಸೋದಕ್ಕೆ."

"ನೆಲ ಹೇಗಿದೆ? ಎಷ್ಟು ಕಲ್ಲು, ಎಲ್ಲೆಲ್ಲಿ?"

ಅದು ಅವಳಿಗೆ ಗೊತ್ತಿರಲಿಲ್ಲ. ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಕೊಯ್ಲಿನ ವಾರಗಳಲ್ಲಿ ಅಡುಗೆಮನೆ ಅವಳ ಪಾಲಿಗೆ ಬರುತ್ತಿದ್ದುದರಿಂದ ಗುಡ್ಡವನ್ನು ಕಿಟಕಿಯಿಂದ ನೋಡಿದ್ದೇ ಹೆಚ್ಚು.

"ತಿಳ್ಕೊಂಡು ಬರ್ತೀನಿ," ಎಂದಳು.

"ಹಾಗೆ ಹೇಳಿ ಹೋದವರು ಯಾರೂ ವಾಪಸ್ ಬಂದಿಲ್ಲ," ಎಂದ ಗ್ರೀಸಪ್ಪ. ಅವಳು ಗೇಟು ದಾಟುವಾಗ ಮತ್ತೆ ಕೂಗಿದ: "ಬಂದರೆ ಆ ಮೂಲೆಯ ಹಳೇ ಬಾರು ನಾಲ್ಕು ದಿನಕ್ಕೆ ಕೊಡ್ತೀನಿ. ನಿಮ್ಮ ನೆಲದ ಮೇಲೇ ಓಡಿಸಿ ನೋಡಿ."

ಅವಳು ಇದನ್ನೆಲ್ಲ ಊಟದ ಹೊತ್ತಿಗೆ ಹೇಳುವಷ್ಟರಲ್ಲಿ ಗಂಡ ಗುತ್ತಿಗೆದಾರರನ್ನು ಕೇಳಿ ಬಂದಿದ್ದ. ಭಾನುವಾರ ಸ್ಲ್ಯಾಷರ್ ಬಂತು.

ಅದರ ಸದ್ದು ಕೇಳಿ ಹಸುಗಳು ಹಗ್ಗ ಜಗ್ಗಿದವು. ಕುಳ್ಳ ಗುಡ್ಡದ ಬುಡದ ಹುಲ್ಲಿಗೆ ನುಗ್ಗಿದ, ಹಿಂದೆ ಹಸಿರು ದೂಳು ಎದ್ದಿತು. ನಿಜ ಹೇಳಬೇಕೆಂದರೆ ನೋಡುವುದಕ್ಕೆ ಭರ್ಜರಿಯಾಗಿಯೇ ಇತ್ತು. ಮುಳ್ಳುಪೊದೆಯೊಂದು ಕಣ್ಣೆದುರೇ ಇಲ್ಲವಾಯಿತು. ಗಂಡ ತಿರುಗಿ ನೋಡಿ ಕೈ ಎತ್ತಿದ, ಮದುವೆಯಲ್ಲೂ ಅಷ್ಟು ನಕ್ಕಿರಲಿಲ್ಲ.

ಮಾವ ನೀರಿನ ಡ್ರಮ್ಮಿನ ಪಕ್ಕ ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ಅತ್ತೆ ಮೇಲಿನಿಂದ, "ರೀ, ಅಲ್ಲಿಂದ ಏಳಿ. ಎದ್ದು ಈ ಕಡೆ ಬನ್ನಿ," ಎಂದರು. ಮಾವ ಗೊಣಗುತ್ತ ಎದ್ದು ಹತ್ತು ಹೆಜ್ಜೆ ನಡೆದಿದ್ದರು, ಅಷ್ಟೇ. ಸ್ಲ್ಯಾಷರ್ ಹಾರಿಸಿದ ಕಲ್ಲೊಂದು ಠಣ್ ಎಂದು ಬಡಿಯಿತು. ಡ್ರಮ್ಮಿನ ಹೊಟ್ಟೆಯಲ್ಲಿ ಮುಷ್ಟಿ ಗಾತ್ರದ ತೂತು, ಅದರಿಂದ ನೀರು ಕಾರಂಜಿಯ ಹಾಗೆ ಹಾರುತ್ತಿತ್ತು.

ಟ್ರ್ಯಾಕ್ಟರು ನಿಂತಿತು. ಗಂಡ ಇಳಿದು ಬಂದು ಡ್ರಮ್ಮನ್ನು ನೋಡಿದ, ಅಪ್ಪನನ್ನು ನೋಡಿದ, ಮತ್ತೆ ಡ್ರಮ್ಮನ್ನು ನೋಡಿದ.

"ನನಗೇನೂ ಆಗಿಲ್ಲ, ಬಿಡೋ," ಎಂದರು ಮಾವ. ಅವರ ದನಿ ಮಾತ್ರ ಸಣ್ಣಗಿತ್ತು.

ಸೊಸೆ ಕೊಯ್ದ ಕಡೆ ಹೋಗಿ ಒಂದು ಬೊಗಸೆ ಎತ್ತಿಕೊಂಡಳು. ಅದರಲ್ಲಿ ಹುಲ್ಲಿನ ಚೂರು ಇತ್ತು, ಮಣ್ಣು ಇತ್ತು, ಹಳೆ ಸಗಣಿ ಇತ್ತು. ಅತ್ತೆ ಹುಲ್ಲು ಬಾಚುವ ಕೋಲು ಎಳೆದರು. ಕೋಲಿನ ಹಲ್ಲಿಗೆ ಏನೂ ಸಿಗಲಿಲ್ಲ, ಎಲ್ಲ ಸಂದಿಯಿಂದ ಜಾರಿತು. ಒಂದು ಬುಟ್ಟಿ ಕೊಟ್ಟಿಗೆಗೆ ಒಯ್ದು ಸುರಿದರೆ ಹಿರಿ ಹಸು ಮೂಗಿನಿಂದ ಫೂ ಎಂದು ಊದಿ ಮುಖ ತಿರುಗಿಸಿತು.

"ಯಂತ್ರದ ತಪ್ಪಲ್ಲ," ಎಂದ ಗಂಡ. "ನೆಲ ಸರಿ ಇಲ್ಲ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದರು ಅತ್ತೆ. ಅವತ್ತು ಅವರು ಗಂಡನನ್ನು ಕರೆದದ್ದು ಬಿಟ್ಟರೆ ಆಡಿದ ಮಾತು ಅದೊಂದೇ.

ಮಾವನಿಗೆ ಒಳಗೊಳಗೇ ಖುಷಿ. ಮರುವಾರ ಗ್ರೀಸಪ್ಪನ ಹಳೇ ಬಾರು ಬಂದಾಗ ಅವರು ಒಗೆದ ಅಂಗಿ ಹಾಕಿಕೊಂಡು ನಿಂತಿದ್ದರು. ಮಗ ಓಡಿಸುವುದು, ಅಪ್ಪ ಪಕ್ಕದಲ್ಲಿ ನಡೆಯುತ್ತ ದಾರಿ ಹೇಳುವುದು ಎಂದಾಯಿತು. ಮೊದಲ ಐವತ್ತು ಹೆಜ್ಜೆ, ಆಹಾ, ಸೊಸೆಗೆ ಕಣ್ಣು ಕೀಳಲಾಗಲಿಲ್ಲ. ಹುಲ್ಲು ಒಂದು ಕ್ಷಣ ನಿಂತೇ ಇರುತ್ತಿತ್ತು, ತಾನು ಕೊಯ್ಯಿಸಿಕೊಂಡದ್ದು ತನಗೇ ಗೊತ್ತಿಲ್ಲದ ಹಾಗೆ. ಆಮೇಲೆ ಮೆಲ್ಲಗೆ ಒರಗಿ, ಹೊಸ ಥಾನು ಬಿಚ್ಚಿ ಹಾಸಿದಂತೆ ಮಲಗುತ್ತಿತ್ತು.

ಆಮೇಲೆ ಖಟ್. ಬಾರು ಕಲ್ಲಿಗೆ ತಾಗಿ, ಹಾಗೆ ತಾಗಿದರೆ ಮಡಿಸಿಕೊಳ್ಳಲೆಂದೇ ಇಟ್ಟ ಕೊಂಡಿಯಿಂದ ಕಳಚಿ ಹಿಂದಕ್ಕೆ ತಿರುಗಿತು. ಸರಿಮಾಡಿ ಮತ್ತೆ ಹೊರಟರು. ಇಪ್ಪತ್ತು ಹೆಜ್ಜೆಗೆ ಇನ್ನೊಂದು ಖಟ್. ಮೂರನೆಯ ಸಲ ಹುಲ್ಲಿನಡಿಯ ಹುತ್ತಕ್ಕೆ ನುಗ್ಗಿ ಎರಡು ಬೆರಳು ಬಾಗಿದವು, ಹಲ್ಲು ಸಿಕ್ಕಿಕೊಂಡಿತು.

"ಎಡಕ್ಕೆ ಅಂದೆನಲ್ಲೋ!"

"ತಾಗಿದ ಮೇಲೆ ಎಡಕ್ಕೆ ಅಂದ್ರಿ! ಮೂವತ್ತೆಂಟು ವರ್ಷ ಕೊಯ್ದಿದೀರಿ, ಕಲ್ಲು ಎಲ್ಲಿದೆ ಅಂತ ಗೊತ್ತಿಲ್ವಾ?"

ಮಾವ ತಬ್ಬಿಬ್ಬಾದರು. "ಕುಡುಗೋಲಿಗೆ ಕಣ್ಣಿರುತ್ತೆ ಕಣೋ. ಅದೇ ಸುತ್ತಿ ಹೋಗುತ್ತೆ. ನಾನು ಯಾವತ್ತು ಕಲ್ಲು ಎಣಿಸಿದೆ?"

ಮೇಲುಗಡೆ ಬಾಚುಗೋಲು ಊರಿ ನಿಂತಿದ್ದ ಅತ್ತೆ ಯಾರಿಗೂ ಅಲ್ಲದಂತೆ ಹೇಳಿದರು: "ಮುಂದೆ ಇನ್ನೊಂದಿದೆ. ಅದರಾಚೆ ಜೋಡಿಗಲ್ಲು."

ಅಪ್ಪ ಮಗ ಬೈದಾಡಿಕೊಳ್ಳುತ್ತಿದ್ದರು, ಅವರಿಗೆ ಕೇಳಿಸಲಿಲ್ಲ. ಸೊಸೆಗೆ ಕೇಳಿಸಿತು. ಹುಲ್ಲು ಸರಿಸಿಕೊಂಡು ಹೋಗಿ ನೋಡಿದಳು. ಒಂದು ಕಲ್ಲು ಇತ್ತು. ಅದರಾಚೆ ಜೋಡಿಗಲ್ಲೂ ಇತ್ತು.

"ಅತ್ತೆ, ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ಇವರು ಕೊಯ್ದು ಮುಂದೆ ಹೋಗೋರು, ಹಿಂದಿನಿಂದ ಬಾಚೋಳು ನಾನು. ಒಂದೊಂದು ಕಲ್ಲಿಗೂ ನನ್ನ ಕೋಲಿನ ಒಂದೊಂದು ಹಲ್ಲು ಮುರಿದಿದೆ."

"ಎಲ್ಲಾ ತೋರಿಸ್ತೀರಾ?"

"ತೋರಿಸಿ ಏನಾಗಬೇಕು?" ಎಂದರು ಅತ್ತೆ. ಆದರೆ ಮರುದಿನ ಸೊಸೆ ಅಂಗಿಗಳ ಒಳಪದರಕ್ಕೆ ತಂದಿದ್ದ ಕೆಂಪು ಬಟ್ಟೆಯ ಚೂರುಗಳನ್ನು ಕಡ್ಡಿಗಳಿಗೆ ಕಟ್ಟಿ ಬುಟ್ಟಿ ತುಂಬಿಸಿಕೊಂಡು ನಿಂತಾಗ, ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದವರೂ ಅವರೇ.

ನಾಲ್ಕು ಬೆಳಗು ಇಬ್ಬರೂ ಗುಡ್ಡ ತಿರುಗಿದರು. ಅತ್ತೆ ಕೋಲಿನಿಂದ ಕುಟ್ಟುವುದು, ಸೊಸೆ ಕಡ್ಡಿ ನೆಡುವುದು. ಕೆಳಗಿನ ನಾಲ್ಕು ಎಕರೆಯಲ್ಲಿ ನಲವತ್ತೊಂದು ಕಲ್ಲು, ಹದಿನಾರು ಹುತ್ತ. ಹುಲ್ಲಿನಲ್ಲೂ ಜಾತಿಯಿದೆ ಎಂದು ಸೊಸೆಗೆ ಆಗಲೇ ತಿಳಿದದ್ದು. ಕೆಳಗಿನದು ನೂಲಿನಂತೆ ನಯ, ಹಸು ಬಡಿದಾಡಿ ತಿನ್ನುತ್ತದೆ. ಮೇಲಿನ ಎರಡು ಎಕರೆಯದು ಒರಟು, ಅಂಚು ಬೆರಳು ಕೊಯ್ಯುತ್ತದೆ, ಅಲ್ಲಿ ನೆಲವೂ ಕಡಿದು. "ಅಲ್ಲಿಗೆ ಟ್ರ್ಯಾಕ್ಟರು ಒಯ್ದರೆ ಮನುಷ್ಯ ಕೆಳಗೆ, ಟ್ರ್ಯಾಕ್ಟರು ಮೇಲೆ," ಎಂದರು ಅತ್ತೆ. ಅವಳು ಒಂದು ಕೇಳಿದರೆ ಅವರು ಮೂರು ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಒಂಬತ್ತು ವರ್ಷದಲ್ಲಿ ಆಡದಷ್ಟು ಮಾತು ನಾಲ್ಕು ಬೆಳಗಿಗೆ ಆಡಿದರು.

ಮೂರನೆಯ ಬೆಳಗು, ಒಂದು ಬಂಡೆಯ ನೆರಳಲ್ಲಿ ಕೂತು ರೊಟ್ಟಿ ತಿನ್ನುವಾಗ ಸೊಸೆ ಕೇಳಿಯೇ ಬಿಟ್ಟಳು.

"ಅತ್ತೆ, ಯಂತ್ರದ ಮಾತು ಬಂದಾಗಿನಿಂದ ನಿಮ್ಮ ಮುಖ ಸರಿಯಿಲ್ಲ. ಯಾವ ಯಂತ್ರ ಬೇಕು ನಿಮಗೆ?"

"ಯಾವುದೂ ಬೇಡ."

"ಯಾಕೆ?"

ಅತ್ತೆ ರೊಟ್ಟಿಯ ಚೂರನ್ನು ಇರುವೆಗೆ ಹಾಕಿದರು. "ಕೊಯ್ಲು ಮೂರು ವಾರ ನಡೆಯುತ್ತೆ. ಆ ಮೂರು ವಾರ ನಾನು ಬೆಳಿಗ್ಗೆ ಬಂದರೆ ಸಂಜೆಗೆ ಇಳಿಯೋದು. ವರ್ಷದಲ್ಲಿ ನಾನು ಇನ್ನೊಬ್ಬರ ಕೈಯಡುಗೆ ತಿನ್ನೋದು ಆಗ ಮಾತ್ರ. ಮೊದಲು ನಿಮ್ಮ ಮಾವನ ಅಕ್ಕ ಮಾಡಿ ಕಳಿಸೋರು, ಈಗ ನೀನು. ಇಲ್ಲಿ ನನ್ನನ್ನ ಯಾರೂ ಅದೆಲ್ಲಿ, ಇದೆಲ್ಲಿ ಅಂತ ಕೂಗಲ್ಲ. ಯಂತ್ರ ಬಂದರೆ ಕೊಯ್ದು, ಒಣಗಿಸಿ, ಬಾಚಿ, ಒಟ್ಟಿ ಎಲ್ಲಾ ಸೇರಿ ಒಂದು ವಾರ. ಮುಗೀತು."

"ನಾನು ಇಷ್ಟು ವರ್ಷ ನಿಮಗೆ ಪಾಪ ಎಷ್ಟು ಕಷ್ಟ ಅಂದ್ಕೊಂಡಿದ್ದೆ."

"ಕಷ್ಟವೇ. ಸೊಂಟ ಬಿದ್ದುಹೋಗುತ್ತೆ. ಕಷ್ಟ ಅಂದ್ರೆ ಬೇಡ ಅಂತಾನಾ?"

ಬುಟ್ಟಿಯಲ್ಲಿ ಇನ್ನೂ ಕಡ್ಡಿಗಳಿದ್ದವು, ಎದ್ದು ನೆಟ್ಟರು.

ನಾಲ್ಕನೆಯ ವಾರದ ಕೊನೆಗೆ ತೀರ್ಮಾನದ ದಿನ ಬಂತು. ಸೊಸೆ ಮೊಟ್ಟೆ ಬೇಯಿಸಿ ಎಲ್ಲರ ತಟ್ಟೆಗೂ ಹಾಕಿ, ತಾನೂ ಕೂತು, ಕಂಡದ್ದನ್ನೆಲ್ಲ ಹೇಳಿದಳು. ಕೆಳಗಿನ ನಾಲ್ಕು ಎಕರೆಗೆ ಬಾರು. ಮೇಲಿನ ಎರಡನ್ನು ಈ ವರ್ಷ ಬಿಡುವುದು. ಗ್ರೀಸಪ್ಪ ಹಳೇ ಬಾರಿಗೆ ಹೊಸ ಬೆರಳು ಹಾಕಿ, ಹೊಸದರ ಅರ್ಧ ಬೆಲೆಗೆ ಕೊಡುತ್ತಾನೆ. ಕೆಂಪು ಬಟ್ಟೆ ಕಂಡಲ್ಲಿ ಬಾರು ಎತ್ತಬೇಕು, ಅಷ್ಟೇ. ಮಾವ ತಲೆದೂಗಿದರು. ಗಂಡನೂ ಡ್ರಮ್ಮಿನ ತೂತನ್ನು ನೆನೆದೋ ಏನೋ ಎದುರಾಡಲಿಲ್ಲ.

"ಆಯ್ತಪ್ಪ. ಓಡಿಸೋರು ಯಾರು?" ಎಂದ. "ಇಬ್ಬನಿ ಆರಿದ ಕೂಡಲೇ ಕೊಯ್ದರೆ ತಾನೇ ಸಂಜೆಗೆ ಬಾಡೋದು? ನಾನು ಬರೋದು ಎರಡು ಗಂಟೆಗೆ. ಅಪ್ಪನಿಗೆ ಸ್ಟೇರಿಂಗ್ ಹಿಡಿಯೋಕೆ ಆಗಲ್ಲ. ಆಳು ಸಿಗಲ್ಲ." ಹೆಂಡತಿಯ ಕಡೆ ನೋಡಿದ.

"ರಜೆ ಮುಗಿದು ಶಾಲೆ ಶುರುವಾಗುತ್ತೆ, ಅರವತ್ತು ಜೊತೆ ಸಮವಸ್ತ್ರ ಒಪ್ಪಿಕೊಂಡಿದೀನಿ," ಎಂದಳು ಅವಳು.

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ನಾನು ಓಡಿಸ್ತೀನಿ," ಎಂದರು ಅತ್ತೆ.

ಮಾವ ನಕ್ಕರು. ಬೇರೆ ಯಾರೂ ನಗಲಿಲ್ಲವಾದ್ದರಿಂದ ಆ ನಗು ಅರ್ಧಕ್ಕೇ ನಿಂತಿತು.

"ಐವತ್ತೊಂಬತ್ತನೇ ವಯಸ್ಸಿಗೆ? ಬಿದ್ದರೆ?"

"ಬಿದ್ದರೆ ಏಳ್ತೀನಿ. ನೀವು ಮರ ಹತ್ತಿ ಬಿದ್ದಾಗ ಎತ್ತಿದೋಳು ಯಾರು?"

"ಅಮ್ಮಾ, ಅದು ಒಲೆ ಹಚ್ಚಿದ ಹಾಗಲ್ಲ," ಎಂದ ಮಗ.

"ಒಲೆ ಹಚ್ಚೋದು ನಿನಗೆ ಬರುತ್ತಾ?"

ಮಗ ಮೊಟ್ಟೆ ನುಂಗಿದ. "ಇವಳಿಗೆ ಹೊಲಿಗೆ. ಆಮೇಲೆ ಅಡುಗೆ ಯಾರು ಮಾಡೋದು?" ಎಂದರು ಮಾವ, ಕೊನೆಯ ಅಸ್ತ್ರವೆಂಬಂತೆ.

"ನಿಮಗೆ ಎಡಗೈ ಇದೆಯಲ್ಲ," ಎಂದರು ಅತ್ತೆ.

ಮಾವ ಎರಡು ದಿನ ಮಾತು ಬಿಟ್ಟರು. ಆ ಎರಡು ದಿನವೂ ಮೂರು ಗಂಟೆಯ ಮೇಲೆ ಅಂಗಳದಲ್ಲಿ ಕಲಿಕೆ ನಡೆಯಿತು. ಮೊದಲ ದಿನ ಕುಳ್ಳ ಕಪ್ಪೆಯ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ನಿಂತ. ಎರಡನೆಯ ದಿನ ಅತ್ತೆ ಸೀದಾ ಸಗಣಿ ತಿಪ್ಪೆಗೆ ನುಗ್ಗಿಸಿದರು. ಮಗ ತಲೆ ಚಚ್ಚಿಕೊಂಡ. "ಬ್ರೇಕು ಅಮ್ಮಾ, ಬ್ರೇಕು!" ಎಂದು ಕೂಗಿ ಕೂಗಿ ಅವನ ಗಂಟಲು ಬಿದ್ದಿತ್ತು. ಸೊಸೆ ಕಿಟಕಿಯಲ್ಲಿ ಕೂತು ಸಮವಸ್ತ್ರದ ಗುಂಡಿ ಹಾಕುತ್ತ, ಬಾಗಿಲ ಹೊಸ್ತಿಲಲ್ಲಿ ನಿಂತ ಮಾವನನ್ನೂ ನೋಡುತ್ತಿದ್ದಳು. ಅವರ ಎಡಗಾಲು ತಾನಾಗಿಯೇ ಇಲ್ಲದ ಕ್ಲಚ್ಚನ್ನು ಒತ್ತುತ್ತಿತ್ತು.

ಕೊನೆಗೆ ತಡೆಯಲಾರದೆ ಅಂಗಳಕ್ಕೆ ಇಳಿದರು. "ಪೂರ್ತಿ ಒತ್ತೇ! ಅರ್ಧ ಒತ್ತಿ ಅರ್ಧ ಬಿಟ್ಟರೆ ಹಾಗೇ ಆಗೋದು. ಏ, ನೀನು ಸರಿ ಆಕಡೆ, ಕೂಗಿದರೆ ಯಾರಿಗೆ ಬರುತ್ತೆ?" ಎಂದು ಮಗನನ್ನು ಅಟ್ಟಿದರು. ಅತ್ತೆ ಮಾವ ಜಗಳವಾಡುತ್ತಲೇ ಅಂಗಳ ಸುತ್ತಿದರು. ಕತ್ತಲಾಗುವ ಹೊತ್ತಿಗೆ ಕುಳ್ಳ ಎರಡು ತೊಟ್ಟಿಗಳ ನಡುವೆ ಹಿಂದಕ್ಕೂ ಮುಂದಕ್ಕೂ ಸರಾಗ ಹೋಗುತ್ತಿದ್ದ.

ಐದನೆಯ ವಾರ ಆಕಾಶ ತಿಳಿಯಾಯಿತು. ಅತ್ತೆ ಸೀರೆಯ ಮೇಲೆ ಮಗನ ಹಳೇ ಅಂಗಿ ತೊಟ್ಟು, ತಲೆಗೆ ಬಟ್ಟೆ ಬಿಗಿದು ಹತ್ತಿದರು. ಸೊಸೆ ಕೆಲಸ ಬಿಟ್ಟು ಮೊದಲ ಸಾಲು ನೋಡಲು ಹೋದಳು. ಅತ್ತೆ ನಿಧಾನ, ಎಂಥ ನಿಧಾನ! ಕಣ್ಣು ಬಲಕ್ಕೆ, ಹಿಂದಕ್ಕೆ, ಬಾರಿನ ಮೇಲೆ. ಕೆಂಪು ಬಟ್ಟೆ ಬರುವ ಮೊದಲೇ ಕೈ ಲಿವರಿಗೆ ಹೋಗುತ್ತಿತ್ತು; ಬಾರು ಎದ್ದು, ಕಲ್ಲು ದಾಟಿ, ಮತ್ತೆ ಇಳಿಯುತ್ತಿತ್ತು. ಎರಡು ಕಡೆ ಬಟ್ಟೆ ಇಲ್ಲದಲ್ಲೂ ಎತ್ತಿದರು. ಸೊಸೆ ಹೋಗಿ ನೋಡಿದರೆ, ಗಾಳಿಗೆ ಕಡ್ಡಿ ಬಿದ್ದಿತ್ತು, ಕಲ್ಲು ಅಲ್ಲೇ ಇತ್ತು.

ಮಾವ ಎಡಗೈಯಲ್ಲಿ ಗಂಜಿ ಕಾಯಿಸಿದರು. ಮೊದಲ ದಿನ ತಳ ಹಿಡಿಯಿತು, ಎರಡನೆಯ ದಿನ ನೀರು ನೀರಾಯಿತು. ಅತ್ತೆ ಬಂಡೆಯ ನೆರಳಲ್ಲಿ ಕೂತು ಎರಡನ್ನೂ ಪಾತ್ರೆ ಖಾಲಿಯಾಗುವವರೆಗೆ ಉಂಡರು. ಸಂಜೆ ಎಲ್ಲರೂ ಹೋಗಿ ಹುಲ್ಲು ತಿರುವಿದರು. ಕೊಟ್ಟಿಗೆಗೆ ಒಂದು ಹೊರೆ ತಂದು ಹಾಕಿದಾಗ ಹಿರಿ ಹಸು ಪಕ್ಕದ ಹಸುವನ್ನು ತಿವಿದು ಬಾಯಿ ಹಾಕಿತು.

ಮೂರನೆಯ ದಿನ ಗಂಡ ವ್ಯಾನಿನಿಂದ ಇಳಿದವನು ಸೀದಾ ಗುಡ್ಡಕ್ಕೆ ಬಂದ. ಇಂಜಿನ್ನು ನಿಂತಿತ್ತು. ಮಾವ ಮತ್ತು ಸೊಸೆ ಆಗಷ್ಟೇ ಊಟ ತಂದಿದ್ದರು. ನಾಲ್ಕು ಎಕರೆ ಇಡೀ ಮಲಗಿತ್ತು. ಬೇಲಿಯ ಪಕ್ಕ ಒಂದು ಪಟ್ಟಿ ಮಾತ್ರ, ಹದಿನೈದು ಹೆಜ್ಜೆ ಅಗಲಕ್ಕೆ, ಹಾಗೇ ನಿಂತು ಗಾಳಿಗೆ ತೂಗುತ್ತಿತ್ತು.

"ಅದನ್ನ ಯಾಕೆ ಬಿಟ್ಟೆ ಅಮ್ಮಾ? ಕಲ್ಲಿದೆಯಾ?"

"ಇಲ್ಲ."

"ಡೀಸೆಲ್ ಮುಗೀತಾ?"

"ಇದೆ."

"ಮತ್ತೆ? ಅರ್ಧ ಗಂಟೆ ಕೆಲಸ. ಕೊಡು, ನಾನೇ ಮುಗಿಸಿಬಿಡ್ತೀನಿ."

"ನಾಳೆಗೆ ಇರಲಿ," ಎಂದರು ಅತ್ತೆ. ಸೊಸೆಯ ಕಡೆ ನೋಡಲಿಲ್ಲ. ತಲೆಯ ಬಟ್ಟೆ ಬಿಚ್ಚಿ ಕುತ್ತಿಗೆ ಒರೆಸಿಕೊಳ್ಳುತ್ತ ಬೇಲಿಯಾಚೆ ನೋಡುತ್ತಿದ್ದರು.

ಗಂಡ ಕುಳ್ಳನ ಕಡೆ ಒಂದು ಹೆಜ್ಜೆ ಇಟ್ಟ. ಸೊಸೆ ಅವನ ಅಂಗಿಯ ಚುಂಗು ಹಿಡಿದಳು. ಏನು ಎಂಬಂತೆ ಅವನು ತಿರುಗಿದ. ಅವಳು ಚುಂಗು ಬಿಡಲಿಲ್ಲ.

ಮಾವ ಊಟದ ಪಾತ್ರೆ ಕೆಳಗಿಟ್ಟರು. ನಿಂತ ಹುಲ್ಲಿನ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಹೆಂಡತಿಯನ್ನು ನೋಡಿದರು, ಸ್ವಲ್ಪ ಹೆಚ್ಚು ಹೊತ್ತೇ. ಆಮೇಲೆ ಹುಲ್ಲಿನ ಒಂದು ಎಳೆ ಕಿತ್ತು ಹಲ್ಲಿನಲ್ಲಿ ಕಚ್ಚಿ ಹದ ನೋಡಿ, ಮೂವತ್ತೆಂಟು ವರ್ಷ ಕೊಯ್ದವರ ದನಿಯಲ್ಲಿ ಹೇಳಿದರು:

"ಇನ್ನೂ ಎಳೇದಿದೆ. ಅರ್ಧ ನಾಳೆ ಕೊಯ್ಯಿ. ಅರ್ಧ ನಾಡಿದ್ದು."